ಅಜ್ಜನ ಕುರ್ಚಿಯ ಹದ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದ ಅಣ್ಣನ ಮಗಳು ಅಜ್ಜನ ಕುರ್ಚಿಯಲ್ಲಿ ಕಾಲು ಮಡಿಸಿ ಕುಳಿತು ಪುಸ್ತಕ ಓದುತ್ತಿದ್ದಳು. ಅವಳ ಅಜ್ಜ ಎಂದರೆ ನನ್ನ ಅಪ್ಪ. ಹಳೆ ಸಾಮಾನಿನ ಅಂಗಡಿಯಿಂದ ಅವರು ಕೊಂಡು ತಂದಿದ್ದ ಚರ್ಮದ ಕುರ್ಚಿ ಅದು. ಅಂಚಿನುದ್ದಕ್ಕೂ ಹಿತ್ತಾಳೆಯ ಗುಂಡು ಮೊಳೆಗಳು. ಅಪ್ಪ ಕೂತು ಕೂತು ತಗ್ಗಾದ ಮೆತ್ತೆ. ಅವರು ಹೋದ ಮೇಲೆ ಅದರಲ್ಲಿ ಹೆಚ್ಚಾಗಿ ಯಾರೂ ಕೂತಿರಲಿಲ್ಲ. ಕಿಟಕಿಯ ಪಕ್ಕ, ಬಿಸಿಲಲ್ಲಿ, ವರ್ಷಗಟ್ಟಲೆ ಹಾಗೇ ಇತ್ತು.

ಎದ್ದು ನಿಂತವಳು ಕೂಗಿದಳು: “ಅತ್ತೆ, ಇಲ್ನೋಡಿ! ಕುರ್ಚಿ ಪುಡಿ ಉದುರಿಸ್ತಾ ಇದೆ!”

ಅವಳ ಬಿಳಿ ಲಂಗದ ತುಂಬ ಇಟ್ಟಿಗೆ ಬಣ್ಣದ ಪುಡಿ. ಕುರ್ಚಿಯ ಕೈ ಮೇಲೆ ಬೆರಳಾಡಿಸಿದರೆ ಬೆರಳೂ ಕೆಂಪು. ಒಂದು ಕಡೆ ಚರ್ಮ ಬಿರಿದು ಒಳಗಿನ ನಾರು ಕಾಣುತ್ತಿತ್ತು.

“ಕೊಬ್ಬರಿ ಎಣ್ಣೆ ತರ್ಲಾ ಅತ್ತೆ? ತಲೆಕೂದಲು ಒಣಗಿದ್ರೆ ಅಮ್ಮ ಅದನ್ನೇ ಹಚ್ಚೋದು.”

“ತಡಿ ಪುಟ್ಟಾ,” ಎಂದೆ. “ಏನಾಗಿದೆ ಅಂತ ತಿಳಿಯದೆ ಔಷಧ ಹಾಕಬಾರದು. ಮೊದಲು ಈ ಚರ್ಮ ಯಾವುದರಿಂದ ಆಗಿದೆ ನೋಡೋಣ.”

ಮಕ್ಕಳೇ, ಅವತ್ತು ನಾವಿಬ್ಬರೂ ನೋಡಿದ್ದನ್ನು, ಮಾಡಿದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಚರ್ಮದ ಕುರ್ಚಿ ಇಲ್ಲದಿರಬಹುದು. ಆದರೆ ಹಳೆಯ ಬೆಲ್ಟೋ, ಚರ್ಮದ ಚೀಲವೋ, ಚರ್ಮದ ಕಟ್ಟಿನ ಪುಸ್ತಕವೋ ಇದ್ದೀತು. ಅವುಗಳ ಕಥೆಯೂ ಇದೇ.

ಚರ್ಮದೊಳಗೊಂದು ಜಡೆ

ನಮ್ಮ ಚರ್ಮದ ಒಳಪದರದಲ್ಲಿ, ಹಸು ಎಮ್ಮೆ ಮೇಕೆಗಳ ಚರ್ಮದಲ್ಲೂ, ಕೊಲಾಜೆನ್ ಎಂಬ ಪ್ರೋಟೀನ್ ಇದೆ. ಅದರ ರಚನೆ ಬಲು ಸೊಗಸು. ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಒಂದು ಸುರುಳಿ. ನೀವು ಹೆಣೆದುಕೊಳ್ಳುವ ಮೂರೆಳೆ ಜಡೆಯನ್ನು ನೆನೆಸಿಕೊಳ್ಳಿ. ಅಂಥ ಲಕ್ಷಾಂತರ ಸುರುಳಿಗಳು ಸೇರಿ ನಾರು. ನಾರುಗಳು ಸೇರಿ ಇನ್ನೂ ದಪ್ಪನೆಯ ನಾರು. ಅವು ಮೇಲೆ ಕೆಳಗೆ, ಅಡ್ಡ ಉದ್ದ ಹೆಣೆದುಕೊಂಡು ಚರ್ಮವಾಗುತ್ತವೆ. ಅದಕ್ಕೇ ಚರ್ಮವನ್ನು ಎಳೆದರೆ ಬಟ್ಟೆಯ ಹಾಗೆ ಪರ್ರನೆ ಹರಿಯುವುದಿಲ್ಲ.

ಈ ಮೂರೆಳೆ ಸುರುಳಿಯನ್ನು 1954ರಲ್ಲಿ ಜಗತ್ತಿಗೆ ತಿಳಿಸಿದವರು ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಕಲಿತಿದ್ದ ರಾಮಚಂದ್ರನ್, ಮುಂದೆ ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಮರಳಿದರು.

ಸತ್ತ ಪ್ರಾಣಿಯ ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಎರಡರಲ್ಲಿ ಒಂದು ಆಗುತ್ತದೆ. ತೇವ ಇದ್ದರೆ ಬ್ಯಾಕ್ಟೀರಿಯಾ ತಿಂದು ಕೊಳೆಸುತ್ತವೆ. ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿ ಹಪ್ಪಳದಂತೆ ಬಿರುಸಾಗುತ್ತದೆ. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದಿನ ದೀಪದ ಬೆಳಕು ಗೊಂಬೆಯ ಮೈಯಿಂದ ಹಾದು ಬರುತ್ತದಲ್ಲ, ಅದು ಹೀಗೆ ಕೆರೆದು ತೆಳುಮಾಡಿ ಒಣಗಿಸಿದ ತೊಗಲು. ಗೊಂಬೆಗೆ ಅದೇ ಚೆನ್ನ. ಕುರ್ಚಿಗೆ ಆಗದು. ಕುರ್ಚಿಯ ಚರ್ಮ ಬಾಗಬೇಕು, ಬಳುಕಬೇಕು, ಆದರೂ ಕೊಳೆಯಬಾರದು.

ಅದಕ್ಕಾಗಿ ಚರ್ಮವನ್ನು ಹದ ಮಾಡುತ್ತಾರೆ. ಎಷ್ಟು ಒಳ್ಳೆಯ ಮಾತು ನೋಡಿ! ಬೆಲ್ಲದ ಪಾಕಕ್ಕೆ ಹದ, ಬಿತ್ತುವ ಹೊಲಕ್ಕೆ ಹದ, ಚರ್ಮಕ್ಕೂ ಹದ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನಾಲಿಗೆ ಹೇಳುವ ಗುಟ್ಟು

ಹದ ಹೇಗೆ ಬರುತ್ತದೆ ಎಂದು ತಿಳಿಯಲು ನಾವು ಕುರ್ಚಿ ಬಿಟ್ಟು ಅಡುಗೆಮನೆಗೆ ಹೋದೆವು. ಹಾಲಿಲ್ಲದ ಕಡು ಚಹಾ ಮಾಡಿ, ಆರಿಸಿ, ಅವಳಿಗೆ ಒಂದೇ ಒಂದು ಚಮಚ ಕೊಟ್ಟೆ. ಮುಖ ಕಿವುಚಿದಳು.

“ಹೇಗಿದೆ?”

“ಒಗರು! ನಾಲಿಗೆ ಎಲ್ಲಾ ತರಿತರಿ.”

ಅದೇ ಚಹಾಕ್ಕೆ ಎರಡು ಚಮಚ ಹಾಲು ಬೆರೆಸಿ ಕೊಟ್ಟೆ. ಒಗರು ಬಹುಪಾಲು ಮಾಯ.

ಏನಾಯಿತು? ಚಹಾದಲ್ಲಿ ಟ್ಯಾನಿನ್ ಎಂಬ ಪದಾರ್ಥಗಳಿವೆ. ಪ್ರೋಟೀನ್ ಕಂಡರೆ ಅವು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನ್ ಬಾಯನ್ನು ಜಾರುವಂತೆ ಇಡುತ್ತದೆ. ಟ್ಯಾನಿನ್ ಅದನ್ನು ಹಿಡಿದು ಗಂಟುಕಟ್ಟಿಸಿದಾಗ ನಾಲಿಗೆ ತರಿತರಿ ಎನ್ನಿಸುತ್ತದೆ. ಅದನ್ನೇ ನಾವು ಒಗರು ಎನ್ನುವುದು. ಹಾಲು ಹಾಕಿದಾಗ ಟ್ಯಾನಿನ್ನಿಗೆ ಹಾಲಿನ ಪ್ರೋಟೀನ್ ಸಿಕ್ಕಿತು, ನಿಮ್ಮ ನಾಲಿಗೆಯನ್ನು ಬಿಟ್ಟುಬಿಟ್ಟಿತು. ನೇರಳೆಹಣ್ಣು, ಬಾಳೆಕಾಯಿ, ಗೇರುಹಣ್ಣು, ಅಳಲೆಕಾಯಿ, ಎಳೆ ಅಡಿಕೆ ಎಲ್ಲದರ ಒಗರಿನ ಗುಟ್ಟೂ ಇದೇ.

ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಒಗರಾದ ತೊಗಟೆಯ ನೀರಿನಲ್ಲಿ ವಾರಗಟ್ಟಲೆ, ದಪ್ಪ ಚರ್ಮವಾದರೆ ತಿಂಗಳುಗಟ್ಟಲೆ ನೆನೆಹಾಕಿದರೆ, ಟ್ಯಾನಿನ್ ಮೆಲ್ಲಗೆ ಒಳಗಿಳಿದು ಕೊಲಾಜೆನ್ ನಾರುಗಳನ್ನು ಹಿಡಿದುಕೊಳ್ಳುತ್ತದೆ. ನಾರು ನಾರಿನ ನಡುವೆ ಸೇತುವೆ ಕಟ್ಟುತ್ತದೆ. ಆಮೇಲೆ ಬ್ಯಾಕ್ಟೀರಿಯಾಕ್ಕೆ ಅದು ರುಚಿಸುವುದಿಲ್ಲ, ಹಲ್ಲು ಇಳಿಯುವುದಿಲ್ಲ. ಹಸಿ ಚರ್ಮವನ್ನು ನೀರಿನಲ್ಲಿಟ್ಟು ಕಾಯಿಸಿದರೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಮುದುಡಿಹೋಗುತ್ತದೆ. ತೊಗಟೆಯಲ್ಲಿ ಹದವಾದದ್ದು 75, 80 ಡಿಗ್ರಿಯವರೆಗೂ ತಡೆಯುತ್ತದೆ.

ಯೂರೋಪಿನಲ್ಲಿ ಓಕ್ ಮರದ ತೊಗಟೆ. ನಮ್ಮ ದಕ್ಷಿಣ ಭಾರತದಲ್ಲಿ ಬಯಲುಸೀಮೆಯ ಹಳದಿ ಹೂವಿನ ಗಿಡ ತಂಗಡಿಯ ತೊಗಟೆ, ಅದರ ಜೊತೆಗೆ ಅಳಲೆಕಾಯಿ. ಇಲ್ಲಿ ಹದವಾದ ಚರ್ಮ ಮದ್ರಾಸು ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಯಾವ ತೊಗಟೆ, ಎಷ್ಟು ದಿನ, ಯಾವಾಗ ಮಗುಚಬೇಕು ಎಂಬುದು ಚರ್ಮ ಹದ ಮಾಡುವ ಮನೆತನಗಳ ಕೈಗೆ ಗೊತ್ತಿದ್ದ ರಸಾಯನಶಾಸ್ತ್ರ. ಸುಣ್ಣ ಮತ್ತು ದುರ್ವಾಸನೆಯ ನಡುವೆ ದುಡಿದ ಆ ಜನರನ್ನು ನಮ್ಮ ಸಮಾಜ ದೂರ ಇಟ್ಟಿತು. ಅವರ ಕೈಕೆಲಸದ ಮೇಲೆ ಮಾತ್ರ ಎಲ್ಲರೂ ಕೂತರು. ಈ ಅನ್ಯಾಯವನ್ನೂ ನೀವು ತಿಳಿದಿರಬೇಕು.

ಇನ್ನೊಂದು ಬೆರಗಿನ ಸಂಗತಿ. ಎಲೆಅಡಿಕೆಗೆ ಹಾಕುವ ಕಾಚು ಗೊತ್ತಲ್ಲ? ಕಗ್ಗಲಿ ಮರದ ಕೆಚ್ಚನ್ನು ಕುದಿಸಿ ತೆಗೆಯುವ ಕಡು ಒಗರು. ಭಾರತದಿಂದ ಹೋದ ಆ ಕಾಚನ್ನು ಲಂಡನ್ನಿನಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಪರೀಕ್ಷಿಸಿದರು. ಚರ್ಮ ಹದ ಮಾಡುವುದರಲ್ಲಿ ಅದು ಓಕ್ ತೊಗಟೆಗಿಂತ ಎಷ್ಟೋ ಪಟ್ಟು ಬಲವುಳ್ಳದ್ದು ಎಂದು 1803ರಲ್ಲಿ ಬರೆದರು. ಈ ಡೇವಿಯ ಶಿಷ್ಯರೇ ನಮ್ಮ ಕುರ್ಚಿಯ ರೋಗಕ್ಕೆ ಕಾರಣ ಹೇಳಿದವರು.

ಫ್ಯಾರಡೆ ನೋಡಿದ ಕುರ್ಚಿಗಳು

ಆ ಶಿಷ್ಯ ಮೈಕೇಲ್ ಫ್ಯಾರಡೆ. ಬಡ ಕಮ್ಮಾರನ ಮಗ. 1805ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನ ಒಂದು ಪುಸ್ತಕ ಕಟ್ಟುವ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಏಳು ವರ್ಷ ಚರ್ಮ ಕತ್ತರಿಸಿ, ಅಂಟು ಬಳಿದು, ಪುಸ್ತಕಗಳಿಗೆ ರಟ್ಟು ಹಾಕಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತ. ಮುಂದೆ ವಿದ್ಯುತ್ ಮತ್ತು ಅಯಸ್ಕಾಂತದ ನಂಟನ್ನು ಬಿಡಿಸಿ ಹೇಳಿ ಲೋಕಪ್ರಸಿದ್ಧರಾದರು. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಒಂದು ಮೇಣದಬತ್ತಿ ಹಚ್ಚಿಟ್ಟು ಇಡೀ ರಸಾಯನಶಾಸ್ತ್ರ ಹೇಳಿದ ಮಹನೀಯರು ಅವರೇ.

ಲಂಡನ್ನಿನಲ್ಲಿ ಅಥೀನಿಯಮ್ ಎಂಬ ಕ್ಲಬ್ಬು 1824ರಲ್ಲಿ ಶುರುವಾಯಿತು. ಅದರ ಮೊದಲ ಕಾರ್ಯದರ್ಶಿ ಫ್ಯಾರಡೆ. ಬರಹಗಾರರು, ವಿಜ್ಞಾನಿಗಳು ಕೂತು ಓದುವ ಜಾಗ. ಆಗಿನ್ನೂ ವಿದ್ಯುತ್ ದೀಪ ಬಂದಿರಲಿಲ್ಲ. ಕಲ್ಲಿದ್ದಲಿನಿಂದ ತೆಗೆದ ಅನಿಲದ ದೀಪಗಳು ಸಂಜೆಯಿಂದ ರಾತ್ರಿಯವರೆಗೆ ಉರಿಯುತ್ತಿದ್ದವು. ಕೆಲವು ವರ್ಷಗಳಲ್ಲಿ ಅಲ್ಲಿನ ಕುರ್ಚಿಗಳ ಚರ್ಮವೂ ಪುಸ್ತಕಗಳ ಚರ್ಮದ ಕಟ್ಟೂ ಹಾಳಾಗತೊಡಗಿದವು.

1843ರಲ್ಲಿ ಫ್ಯಾರಡೆ ಕಾರಣ ಹೇಳಿದರು: ಕುರ್ಚಿಯದಲ್ಲ, ದೀಪದ ತಪ್ಪು. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಅದರ ಅನಿಲ ಉರಿದಾಗ ಗಂಧಕದ ಹೊಗೆಯೂ ಬರುತ್ತದೆ, ಬಿಸಿಯೂ ಬರುತ್ತದೆ. ಎರಡೂ ಸೇರಿ ಚರ್ಮವನ್ನು ತಿನ್ನುತ್ತಿವೆ.

ಅವರು ಕಾರಣ ಹೇಳಿ ಸುಮ್ಮನಾಗಲಿಲ್ಲ. ದೀಪಕ್ಕೆ ಗಾಜಿನ ಚಿಮಣಿ ಕೂರಿಸಿ, ಉರಿದ ಅನಿಲವೆಲ್ಲ ಕೊಳವೆಯ ಮೂಲಕ ಕೋಣೆಯ ಹೊರಗೇ ಹೋಗುವಂತೆ ಒಂದು ಉಪಾಯ ಮಾಡಿದರು. ಸಮುದ್ರತೀರದ ದೀಪಸ್ತಂಭಗಳಲ್ಲಿ ಗಾಜಿನ ಮೇಲೆ ನೀರು ಕಟ್ಟಿ ಬೆಳಕು ಮಂಕಾಗುವುದನ್ನು ತಪ್ಪಿಸಲು ಅವರು ಕಂಡುಕೊಂಡಿದ್ದ ದಾರಿಯೇ ಇಲ್ಲೂ ನೆರವಿಗೆ ಬಂತು. ಆ ಉಪಾಯದ ಹಕ್ಕನ್ನು ತಾವು ಇಟ್ಟುಕೊಳ್ಳದೆ, ಅನಿಲದೀಪದ ಕೆಲಸ ಮಾಡುತ್ತಿದ್ದ ಅಣ್ಣ ರಾಬರ್ಟ್‌ಗೆ ಕೊಟ್ಟರು.

ಇವತ್ತು ಈ ರೋಗದ ವಿವರ ಇನ್ನೂ ಸ್ಪಷ್ಟವಾಗಿ ಗೊತ್ತು. ಗಂಧಕದ ಹೊಗೆ ಎಂದರೆ ಸಲ್ಫರ್ ಡೈಆಕ್ಸೈಡ್. ಚರ್ಮದೊಳಗೆ ಸದಾ ಒಂದಿಷ್ಟು ತೇವ ಇರುತ್ತದೆ. ಹೊಗೆ ಒಳಹೊಕ್ಕು, ಗಾಳಿಯ ಆಮ್ಲಜನಕ ಮತ್ತು ಈ ತೇವದ ಜೊತೆ ಕೂಡಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆಮ್ಲ ಕೊಲಾಜೆನ್ನಿನ ಎಳೆಗಳನ್ನು ಅಲ್ಲಲ್ಲಿ ತುಂಡರಿಸುತ್ತದೆ. ಜಡೆಯನ್ನು ಕತ್ತರಿಯಿಂದ ಚೂರುಚೂರು ಮಾಡಿದರೆ ಏನುಳಿಯುತ್ತದೆ? ಹಾಗೆ ನಾರು ಹೋಗಿ ಪುಡಿ ಉಳಿಯುತ್ತದೆ. ಆ ಕೆಂಪು ಪುಡಿಯ ರೋಗಕ್ಕೆ ಇಂಗ್ಲಿಷಿನವರು ಕೊಟ್ಟ ಹೆಸರು ‘ರೆಡ್ ರಾಟ್’. ಅಂದರೆ ಕೆಂಪು ಕೊಳೆ. ದೀಪದ ಕಾಲ ಹೋದರೂ ಕಲ್ಲಿದ್ದಲು, ಡೀಸೆಲ್ ಹೊಗೆಯ ಗಾಳಿ ಇದೆಯಲ್ಲ! ಜೊತೆಗೆ ಬಿಸಿಲು, ಬಿಸಿ.

“ಹಾಗಾದ್ರೆ ನನ್ನ ಲಂಗದ ಮೇಲಿರೋದು ಅಜ್ಜನ ಕುರ್ಚಿಯ ಜಡೆ,” ಎಂದಳು ಹುಡುಗಿ. ಮೆಲ್ಲಗೆ ಒಂದು ಕಾಗದದ ಮೇಲೆ ಪುಡಿ ಕೊಡವಿಕೊಂಡಳು.

ವೈದ್ಯರ ಹಾಗೆ ನೋಡುವುದು

ಮೊದಲು ಭೂತಗನ್ನಡಿ. ಕುರ್ಚಿಯ ಬೆನ್ನಿನ ಹಿಂಭಾಗದಲ್ಲಿ, ಬಿಸಿಲು ತಾಗದ ಕಡೆ, ಚರ್ಮ ಚೆನ್ನಾಗಿತ್ತು. ಅಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು. ಹಿಂದೆ ಕೂದಲಿದ್ದ ಜಾಗಗಳು ಅವು. ಹಸುವಿನ ಚರ್ಮದಲ್ಲಿ ಅವು ಸಮನಾಗಿ ಹರಡಿರುತ್ತವೆ. ಮೇಕೆಯದರಲ್ಲಿ ಗುಂಪುಗುಂಪಾಗಿ ಸಾಲುಗಟ್ಟಿರುತ್ತವೆ. ನಮ್ಮದು ಹಸುವಿನದು.

ಆಮೇಲೆ ಕುರ್ಚಿಯನ್ನು ಬೋರಲು ಹಾಕಿ, ಮೊಳೆಯ ಹಿಂದೆ ಮಡಚಿಟ್ಟ ಅಂಚು ನೋಡಿದೆವು. ರೆಕ್ಸಿನ್ ಆಗಿದ್ದರೆ ಹಿಂಬದಿಯಲ್ಲಿ ಬಟ್ಟೆಯ ನೇಯ್ಗೆ ಕಾಣಬೇಕು. ರೆಕ್ಸಿನ್ ಎಂದರೆ ಬಟ್ಟೆಗೆ ಲೇಪ ಬಳಿದು ಚರ್ಮದ ಹಾಗೆ ಕಾಣುವಂತೆ ಮಾಡಿದ್ದು. ಇಲ್ಲಿ ನೇಯ್ಗೆ ಇರಲಿಲ್ಲ, ಬರೀ ನಾರು. ಕತ್ತರಿಸಿದ ಅಂಚಿನ ಬಣ್ಣ ಕಂದು. ಕ್ರೋಮಿಯಮ್ ಲವಣದಿಂದ ಹದ ಮಾಡಿದ ಚರ್ಮವಾದರೆ ಸಾಮಾನ್ಯವಾಗಿ ನೀಲಿ ಬೂದು ಅಂಚು. 1884ರಲ್ಲಿ ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ ಹಕ್ಕುಪತ್ರ ಪಡೆದ ಮೇಲೆ ಆ ವಿಧಾನ ಬೇಗ ಬೇಗ ಹರಡಿತು. ಕೆಂಪು ಕೊಳೆ ಹೆಚ್ಚಾಗಿ ಕಾಡುವುದು ನಮ್ಮ ಕುರ್ಚಿಯಂಥ ತೊಗಟೆ ಹದದ ಚರ್ಮವನ್ನು.

ಮೊಳೆಗಳ ಬುಡದಲ್ಲಿ ಹಸಿರು ಮೇಣದಂಥದ್ದು ಕಟ್ಟಿತ್ತು. “ಪಾಚಿನಾ?” ಎಂದು ಕೇಳಿದಳು. ಪಾಚಿಯಲ್ಲ. ಚರ್ಮದಲ್ಲಿರುವ ಎಣ್ಣೆಯ ಆಮ್ಲಗಳು ಹಿತ್ತಾಳೆಯೊಳಗಿನ ತಾಮ್ರದ ಜೊತೆ ಸೇರಿ ಆದದ್ದು. ಹಿಂದೆ ಯಾರೋ ಎಣ್ಣೆ ಸುರಿದಿದ್ದರ ಗುರುತು.

ಕೊನೆಯದು ನೀರಿನ ಪರೀಕ್ಷೆ. ಕಾಣದ ಒಂದು ಮೂಲೆಯಲ್ಲಿ, ಹತ್ತಿ ಸುತ್ತಿದ ಕಡ್ಡಿಯ ತುದಿಯಿಂದ ಒಂದೇ ಹನಿ. ಗಟ್ಟಿ ಚರ್ಮದ ಮೇಲೆ ಅದು ಕ್ಷಣಹೊತ್ತು ಮಣಿಯಂತೆ ನಿಂತಿತು. ಪುಡಿಯಾದ ಕಡೆ ತಟ್ಟನೆ ಇಂಗಿ ಕಪ್ಪು ಚುಕ್ಕೆಯಾಯಿತು. ಒಣಗಿದ ಮೇಲೂ ಆ ಚುಕ್ಕೆ ಹೋಗಲಿಲ್ಲ, ಮುಟ್ಟಿದರೆ ಬಿರುಸು. ಅಂದರೆ ಇಲ್ಲಿ ಒದ್ದೆ ಬಟ್ಟೆ ಕೂಡದು. ಕುರ್ಚಿಯೇ ನಮಗೆ ಹೇಳಿಬಿಟ್ಟಿತು.

ವಸ್ತುಸಂಗ್ರಹಾಲಯಗಳ ಸಂರಕ್ಷಕರು ಇನ್ನೂ ಸೂಕ್ಷ್ಮವಾಗಿ ನೋಡುತ್ತಾರೆ. ಕಣ್ಣಿಗೆ ಕಂಡೂ ಕಾಣದಷ್ಟು ನಾರು ತೆಗೆದು, ನೀರಿನಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಮೆಲ್ಲಗೆ ಕಾಯಿಸುತ್ತಾರೆ. ಯಾವ ಉಷ್ಣತೆಗೆ ನಾರು ಮುದುಡತೊಡಗುತ್ತದೆ ಎಂದು ಕಾಯುತ್ತಾರೆ. ಚರ್ಮ ಎಷ್ಟು ಹಾಳಾಗಿದೆಯೋ ಅಷ್ಟು ಬೇಗ ಮುದುಡುತ್ತದೆ. ನಮಗೆ ಜ್ವರ ನೋಡುವ ಹಾಗೆ ಚರ್ಮಕ್ಕೂ ಒಂದು ಥರ್ಮಾಮೀಟರ್!

ಎಣ್ಣೆ ಬೇಡ ಎಂದದ್ದೇಕೆ?

ಚರ್ಮಕ್ಕೆ ಎಣ್ಣೆ ಬೇಕೇ ಬೇಕು, ಸುಳ್ಳಲ್ಲ. ಹದ ಮಾಡುವಾಗಲೇ ಕೊಬ್ಬು, ಎಣ್ಣೆ ಉಣಿಸುತ್ತಾರೆ. ಎಣ್ಣೆ ಹಚ್ಚಿದ ಕೂದಲು ಒಂದರ ಮೇಲೊಂದು ಜಾರುವಂತೆ ನಾರುಗಳು ಜಾರುತ್ತವೆ, ಚರ್ಮ ಬಾಗುತ್ತದೆ. ಆದರೆ ತುಂಡಾದ ನಾರನ್ನು ಎಣ್ಣೆ ಕೂಡಿಸಲಾರದು. ಕೆಂಪು ಕೊಳೆ ಹಿಡಿದ ಚರ್ಮ ಅದನ್ನು ಹೀರಿ ಕಪ್ಪಾಗುತ್ತದೆ. ಹೆಚ್ಚಾದ ಎಣ್ಣೆ ಧೂಳು ಹಿಡಿಯುತ್ತದೆ, ಮೊಳೆಗೆ ಹಸಿರು ತರುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ? ಚರ್ಮಕ್ಕೆ ಉಣಿಸಿದ ಕೊಬ್ಬು ಹೆಚ್ಚಾದರೂ ಹೀಗೇ. ಕೆಲವೊಮ್ಮೆ ಅದು ಮೇಲಕ್ಕೆ ಬಂದು ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ನೋಡಿದವರು ಬೂಷ್ಟು ಎಂದೇ ತಿಳಿಯುತ್ತಾರೆ. ಹಿಂದೆ ದೊಡ್ಡ ದೊಡ್ಡ ಗ್ರಂಥಾಲಯ, ಸಂಗ್ರಹಾಲಯಗಳಲ್ಲೂ ಹಳೆ ಚರ್ಮಕ್ಕೆ ಎಣ್ಣೆ, ಜೇನುಮೇಣದ ಮಿಶ್ರಣ ಹಚ್ಚುವ ರೂಢಿಯಿತ್ತು. ಈಗಿನ ಸಂರಕ್ಷಕರು ಅದಕ್ಕೆ ಬಲು ಹಿಂಜರಿಯುತ್ತಾರೆ.

ಸೋಪು, ವಿನಿಗರ್, ಬೂಟಿನ ಪಾಲಿಶ್ ಯಾವುದೂ ಹಳೆ ಚರ್ಮಕ್ಕೆ ಬೇಡ.

ಹಾಗಾದರೆ ನಾವು ಏನು ಮಾಡಿದೆವು? ಮೊದಲು ಕುರ್ಚಿಯನ್ನು ಕಿಟಕಿಯಿಂದ ಒಳಗೋಡೆಯ ಕಡೆ ಸರಿಸಿದೆವು. ಹೊರಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಗಾಳಿಯ ತೇವ ಸದಾ ಶೇಕಡಾ 65 ದಾಟಿ ನಿಂತರೆ ಚರ್ಮದ ಮೇಲೆ ಬೂಷ್ಟು ಬೆಳೆಯುತ್ತದೆ. ತೀರಾ ಒಣಗಿದರೆ ಚರ್ಮ ಬಿರಿಯುತ್ತದೆ. ಅಲ್ಲೂ ಹದವೇ. ಆಮೇಲೆ ಮೃದುವಾದ ಅಗಲ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ಗುಡಿಸಿದೆವು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ಕಡಿಮೆ ಸೆಳೆತದಲ್ಲಿ, ಕುಂಚದ ಪಕ್ಕ ಹಿಡಿದೆ. ಮೊಳೆಯ ಬುಡದ ಹಸಿರನ್ನು ಮೊನೆಯಿಲ್ಲದ ಬಿದಿರುಕಡ್ಡಿಯಿಂದ ಅವಳೇ ಒಂದೊಂದಾಗಿ ತೆಗೆದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎರಡು ಬೆಳಿಗ್ಗೆ ಪೂರ್ತಿ.

ಪುಡಿಯಾಗುವ ಭಾಗಕ್ಕೆ ಮತ್ತು ಹರಿದ ಕೈಗೆ ಕೆಲಸ ಬಲ್ಲವರನ್ನೇ ಕರೆಸಿದೆ. ಅವರು ಗಿಡಗಳ ಸೆಲ್ಯುಲೋಸಿನಿಂದ ಮಾಡಿದ ಒಂದು ಅಂಟನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕುಂಚದಿಂದ ತೆಳುವಾಗಿ ಹಚ್ಚಿದರು. ನೀರಿನಲ್ಲಿ ಕರಗಿಸಿದ್ದರೆ ಏನಾಗುತ್ತಿತ್ತೆಂದು ಆ ಕಪ್ಪು ಚುಕ್ಕೆ ನಮಗೆ ತೋರಿಸಿತ್ತಲ್ಲ? ಆಲ್ಕೋಹಾಲು ಬೇಗ ಆರಿ ಹೋಯಿತು, ಅಂಟು ಪುಡಿಯನ್ನು ಹಿಡಿದು ನಿಲ್ಲಿಸಿತು. ಹರಿದ ಕಡೆ ಮೇಲಿನಿಂದ ತೇಪೆ ಹಾಕಲಿಲ್ಲ. ಬಿರುಕಿನೊಳಗೆ ಅದೇ ಬಣ್ಣದ ತೆಳು ಚರ್ಮ ತೂರಿಸಿ, ಬೇಕಾದಾಗ ಬಿಡಿಸಬಹುದಾದ ಅಂಟಿನಿಂದ ಅಂಟಿಸಿದರು.

“ಬಿಡಿಸೋ ಹಾಗೆ ಯಾಕೆ? ಗಟ್ಟಿ ಅಂಟು ಹಾಕಬಹುದಲ್ಲ?” ಎಂದು ಹುಡುಗಿ ಕೇಳಿದಳು.

“ಮುಂದೆ ನನಗಿಂತ ಚೆನ್ನಾಗಿ ಬಲ್ಲವರು ಬರ್ತಾರಮ್ಮ,” ಎಂದರು ಅವರು. “ನಾನು ಮಾಡಿದ್ದು ಅವರ ಕೈ ಕಟ್ಟಬಾರದು.”

ಮಕ್ಕಳೇ, ಹಳೆಯದನ್ನು ಕಾಪಾಡುವ ವಿಜ್ಞಾನದ ದೊಡ್ಡ ನಿಯಮ ಇದು. ಆದಷ್ಟು ಕಡಿಮೆ ಕೈ ಹಾಕು, ಮಾಡಿದ್ದನ್ನು ಬಿಡಿಸುವಂತಿರಲಿ, ಏನು ಮಾಡಿದೆ ಎಂದು ಬರೆದಿಡು. ಪುಡಿಯಾದ ಚರ್ಮ ಮತ್ತೆ ನಾರಾಗುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದು ನಮ್ಮ ಕೈಲಿದೆ. ಅಪ್ಪನ ತೂಕಕ್ಕೆ ತಗ್ಗಾದ ಮೆತ್ತೆಯನ್ನು ನಾವು ಬದಲಾಯಿಸಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಹುಡುಗಿ ಒಂದು ನೆಲ್ಲಿಕಾಯಿ ಕಚ್ಚಿಕೊಂಡು ಬಂದಳು. “ಅತ್ತೆ, ನನ್ನ ನಾಲಿಗೆ ಹದ ಆಗ್ತಾ ಇದೆ,” ಎಂದು ನಾಲಿಗೆ ಚಾಚಿದಳು. ಆಮೇಲೆ ಒಂದು ಗಟ್ಟಿ ಕಾಗದದ ಚೀಟಿ ತೆಗೆದು ಬರೆಯಲು ಕೂತಳು. ತೊಗಟೆ ಹದದ ಹಸುವಿನ ಚರ್ಮ. ಕೆಂಪು ಕೊಳೆ. ಏಪ್ರಿಲಿನಲ್ಲಿ ಧೂಳು ತೆಗೆದದ್ದು, ಯಾವ ಅಂಟು, ಯಾವ ಕೈಗೆ ಒಳಗಿಂದ ತೇಪೆ. ಎಲ್ಲ ಬರೆದಳು. ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: “ದಯವಿಟ್ಟು ಎಣ್ಣೆ ಹಚ್ಚಬೇಡಿ. ನೀರು ಸೋಕಿಸಬೇಡಿ. ಮೊದಲು ನೋಡಿ.”

ಚೀಟಿಯನ್ನು ದಾರದಿಂದ ಕುರ್ಚಿಯ ಅಡಿಗೆ ಕಟ್ಟಿದ್ದೇವೆ. ಕೂತವರಿಗೆ ಅದು ಕಾಣುವುದಿಲ್ಲ. ಮುಂದೊಂದು ದಿನ ಈ ಕುರ್ಚಿಯನ್ನು ಸರಿಮಾಡಲು ಬೋರಲು ಹಾಕುವವರಿಗೆ ಕಾಣುತ್ತದೆ.